ಉಪಯೋಗವಿಲ್ಲದ ತಗ್ಗು

ಫೆಬ್ರವರಿ 10

ಪ್ರೀತಿಯ ಗುಬ್ಬಿಗೆ,

ನಿನ್ನ ಅಕ್ಕ ಬರೆಯುವುದು. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಹತ್ತು ನಿಮಿಷಕ್ಕೊಂದು ವಿಮಾನ ನಮ್ಮ ಚಾವಣಿ ಸವರಿಕೊಂಡು ಹೋಗುತ್ತದೆ. ನೀನು ಹೇಳಿದ್ದರಲ್ಲಿ ಅರ್ಧ ಅದು ತಿನ್ನುತ್ತದೆ, ಉಳಿದರ್ಧ ನನ್ನ ಎಡಗಿವಿ ತಿನ್ನುತ್ತದೆ. ಕಾಗದವನ್ನಾದರೆ ಇಲಿ ಬಿಟ್ಟು ಬೇರೆ ಯಾರೂ ತಿನ್ನುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ನಮ್ಮ ಜೇಡಿಮಣ್ಣಿನ ತಗ್ಗಿನ ಸುತ್ತ ಯಾರೋ ಕೆಂಪು ತಲೆಯ ಗೂಟ ಹೊಡೆದು ಹೋಗಿದ್ದಾರೆ. ಎಣಿಸಿದೆ, ಇಪ್ಪತ್ತೆರಡು. ಬಸ್ ನಿಲ್ದಾಣದ ಗೋಡೆಗೆ ನೋಟಿಸ್ ಅಂಟಿಸಿದ್ದಾರೆ. ಹೆದ್ದಾರಿಯಿಂದ ವಿಮಾನ ನಿಲ್ದಾಣಕ್ಕೆ ಗಾಡಿಗಳು ನಿಲ್ಲದೆ ಇಳಿಯಲು ದೊಡ್ಡ ಇಂಟರ್‌ಚೇಂಜ್ ಕಟ್ಟುತ್ತಾರಂತೆ. ನಾಲ್ಕು ಲೂಪು. ನಕ್ಷೆಯಲ್ಲಿ ನೋಡಿದರೆ ನಾಲ್ಕು ಎರೆಹುಳ ಬಾಲ ಕಟ್ಟಿಕೊಂಡು ಮಲಗಿದ ಹಾಗಿದೆ. ಅದರಲ್ಲಿ ಒಂದು ಹುಳ ನೆಟ್ಟಗೆ ನಮ್ಮ ತಗ್ಗಿನ ಮೇಲೆ ಮಲಗಿದೆ.

ಪರಿಸರ ಪರಿಣಾಮ ವರದಿಯ ಕರಡು ಸಿದ್ಧವಂತೆ. ಆಕ್ಷೇಪಣೆ ಇದ್ದವರು ಮಾರ್ಚ್ ಮುಗಿಯುವುದರೊಳಗೆ ಬರೆದು ಕೊಡಬೇಕು, ಏಪ್ರಿಲ್‌ನಲ್ಲಿ ಅಹವಾಲು ಸಭೆ. ನೀನು ಹದಿನೈದು ವರ್ಷದಿಂದ ಇಂಥದೇ ವರದಿ ಬರೆಯುವ ಕಂಪನಿಯಲ್ಲಿದ್ದೀಯ. ಮಣ್ಣು, ನೀರು ಪರೀಕ್ಷೆ ಮಾಡುವುದೇ ನಿನ್ನ ಕೆಲಸ ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗ ಸ್ವಲ್ಪ ಉಪಯೋಗಕ್ಕೆ ಬಾ. ಮುಂದೇನು ಮಾಡಬೇಕು, ಹೇಳು.

ಈ ತಗ್ಗು ಹೋದರೆ ನಮ್ಮ ಕಸುಬು ಹೋಯಿತು. ಸುತ್ತ ಎಲ್ಲೂ ಈ ಜಿಗುಟಿನ ಮಣ್ಣು ಸಿಗುವುದಿಲ್ಲ, ನಿನಗೇ ಗೊತ್ತು. ನಮ್ಮ ಕುಂಬಾರ ಬೀದಿಯಲ್ಲಿ ಹದಿನಾಲ್ಕು ತಿಗರಿ ಮೊದಲಿನ ಹಾಗೇ ತಿರುಗುತ್ತಿವೆ. ಹದಿನಾಲ್ಕು ಮನೆಯ ಅನ್ನ ಅದು. ತಮಾಷೆ ಏನು ಗೊತ್ತೇ? ವಿಮಾನ ನಿಲ್ದಾಣದ ಬಾಗಿಲಲ್ಲಿ ಸಾಲಾಗಿ ನಿಂತಿರುವ ಮೂವತ್ತು ಹೂಕುಂಡ ನಾನೇ ಮಾಡಿದ್ದು. ನನ್ನ ಮಣ್ಣನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ನನ್ನನ್ನು ಬಾಗಿಲಿಂದ ಆಚೆ ಹಾಕುತ್ತಾರಂತೆ.

ಬೇಗ ಬರೆ.

ನಿನ್ನ ಅಕ್ಕ


ಫೆಬ್ರವರಿ 19

ಅಕ್ಕನಿಗೆ ನಮಸ್ಕಾರ,

ನಿನ್ನ ಕಾಗದ ಬಂತು. ಆಫೀಸಿನಲ್ಲಿ ಕೆಲಸ ಜಾಸ್ತಿ, ಅದಕ್ಕೇ ತಡವಾಯಿತು.

ಇಂಥ ವರದಿಗಳನ್ನು ಹತ್ತಾರು ಜನ ಸೇರಿ ಬರೆಯುತ್ತಾರೆ. ನಮ್ಮ ಕಂಪನಿಯೂ ಬರೆಯುತ್ತದೆ, ಬೇರೆ ಕಂಪನಿಗಳೂ ಬರೆಯುತ್ತವೆ. ಯಾವ ಅಧ್ಯಾಯ ಯಾರ ಕೈಯದು ಎಂದು ಹೇಳುವುದು ಕಷ್ಟ. ನೀನು ತಲೆ ಬಿಸಿ ಮಾಡಿಕೊಳ್ಳಬೇಡ.

ಇನ್ನೊಂದು ಮಾತು. ಆ ಕೂಡುರಸ್ತೆಯಲ್ಲಿ ಕಳೆದ ವರ್ಷ ಒಂಬತ್ತು ಜನ ಸತ್ತಿದ್ದಾರೆ. ಆಂಬುಲೆನ್ಸ್ ಕೂಡ ಸಾಲಿನಲ್ಲಿ ನಿಲ್ಲಬೇಕಾದ ಜಾಗ ಅದು. ಇಂಟರ್‌ಚೇಂಜ್ ಯಾರ ಹಟಕ್ಕೂ ಕಟ್ಟುತ್ತಿರುವುದಲ್ಲ, ನಿಜವಾಗಿ ಬೇಕು.

ಅಕ್ಕ, ನಿನಗೆ ಐವತ್ತೆಂಟಾಯಿತು. ಭುಜ ನೋವು ಎಂದು ನೀನೇ ಬರೆದಿದ್ದೆ. ತಿಗರಿ ಬಿಡಲು ಇದೊಂದು ನೆಪ ಎಂದುಕೊಂಡು ಪರಿಹಾರ ಕೇಳಬಾರದೇ? ಎಲ್ಲ ಮೊದಲಿನ ಹಾಗೇ ನಡೆಯುತ್ತಿದೆ ಎಂದು ನನಗೆ ಬರೆಯಬೇಕಾಗಿಲ್ಲ. ನಾನು ಹೊರಗಿನವನಲ್ಲ.

ನಿನ್ನ ತಮ್ಮ


ಫೆಬ್ರವರಿ 26

ಗುಬ್ಬಿಗೆ,

ನೆಪ ಹುಡುಕಿ ಕೊಟ್ಟಿದ್ದಕ್ಕೆ ಉಪಕಾರ. ಒಂದು ಕಥೆ ಹೇಳುತ್ತೇನೆ, ಕೇಳು.

ಒಬ್ಬನಿಗೆ ಹೊಸ ಮೆಟ್ಟು ಚುಚ್ಚುತ್ತಿತ್ತಂತೆ. ವೈದ್ಯನ ಹತ್ತಿರ ಹೋದ. ವೈದ್ಯ ಮೆಟ್ಟು ನೋಡಿದ, ಪಾದ ನೋಡಿದ. "ಮೆಟ್ಟು ಹೊಸದು ಕಣಪ್ಪ, ಕೊಯ್ದರೆ ಹಾಳಾಗುತ್ತೆ. ಪಾದ ಹೇಗೂ ಹಳೇದು. ಅದನ್ನೇ ಸ್ವಲ್ಪ ಕೊಯ್ಯೋಣ" ಅಂದನಂತೆ. ನೀನು ನನಗೆ ಕೊಟ್ಟ ಸಲಹೆ ಇಷ್ಟೇ.

ರಸ್ತೆ ಬೇಡ ಎಂದು ನಾನು ಎಲ್ಲಿ ಬರೆದೆ? ಸತ್ತ ಒಂಬತ್ತು ಜನರಲ್ಲಿ ನಮ್ಮ ಕುಂಡಗಳನ್ನು ಸಾಗಿಸುತ್ತಿದ್ದ ಗಾಡಿಯವನೂ ಒಬ್ಬ. ಅವನ ಹೆಂಡತಿಗೆ ಸುದ್ದಿ ಹೇಳಲು ಹೋದವಳು ನಾನು. ರಸ್ತೆ ಕಟ್ಟಲಿ. ನನ್ನ ತಗ್ಗು ಬಿಟ್ಟು ಕಟ್ಟಲಿ.

ನಿನಗೆ ಕೆಲಸ ಜಾಸ್ತಿ, "ಬರೆಯಬೇಕಾಗಿಲ್ಲ" ಎಂದದ್ದು ಅರ್ಥವಾಯಿತು. ಉದ್ದುದ್ದ ಬರೆದು ನಿನ್ನ ಹೊತ್ತು ತಿನ್ನಬೇಡ ಎಂದು ಅಷ್ಟು ನಾಜೂಕಾಗಿ ಹೇಳಬೇಕಿರಲಿಲ್ಲ. ಅದಕ್ಕೇ ವರದಿ ಇಟ್ಟಿರುವ ಕಚೇರಿಗೆ ನಾನೇ ಹೋದೆ. ವರದಿಯ ಪ್ರತಿ ಒಂದೇ ಒಂದು. ಅದನ್ನು ಹಗ್ಗ ಹಾಕಿ ಮೇಜಿನ ಕಾಲಿಗೆ ಕಟ್ಟಿದ್ದಾರೆ, ಹಾಯುವ ಎಮ್ಮೆಯನ್ನು ಕಟ್ಟಿದ ಹಾಗೆ. ಪಕ್ಕದಲ್ಲಿ ಕನ್ನಡಕದ ಗುಮಾಸ್ತೆ.

"ಜೆರಾಕ್ಸ್ ಮಾಡಿಸ್ಕೋಬಹುದಾ ತಾಯಿ?" ಅಂದೆ.

"ಇಲ್ಲ ಅಮ್ಮ, ಆಚೆ ತಗೊಂಡು ಹೋಗೋ ಹಾಗಿಲ್ಲ. ಇಲ್ಲೇ ಓದ್ಬೇಕು."

"ಓದಿ ಬರ್ಕೋಬಹುದಾ?"

"ಬರ್ಕೊಳ್ಳಿ. ಆದ್ರೆ ಮುನ್ನೂರ ಎಂಬತ್ತಾರು ಪುಟ ಇದೆ!"

"ನಾನು ದಿನಕ್ಕೆ ನಲವತ್ತು ಕುಂಡ ಎಳೀತೀನಿ. ಎಣಿಕೆಗೆ ಹೆದರೋ ಪೈಕಿ ಅಲ್ಲ."

ಅವಳು ನಕ್ಕಳು. ಕುರ್ಚಿ ಎಳೆದು ಕೊಟ್ಟಳು. ದಿನಾ ಮಧ್ಯಾಹ್ನ ಎರಡು ಗಂಟೆ ಹೋಗಿ ಕೂರುತ್ತೇನೆ. ಉಗುರಿನ ಮಣ್ಣು ಪುಟಕ್ಕೆ ಹತ್ತುತ್ತದೆ ಎಂದು ನಿನ್ನೆ ಸಾಬೂನು ತಂದಿಟ್ಟಿದ್ದಾಳೆ. ಸದ್ಯಕ್ಕೆ ಹಾರ್ನ್ ಶಬ್ದದ ಅಧ್ಯಾಯದಲ್ಲಿದ್ದೇನೆ. ಆಕ್ಷೇಪಣೆ ಹೇಗೆ ಬರೆಯಬೇಕು ಎಂಬುದನ್ನಾದರೂ ಹೇಳುತ್ತೀಯೋ, ಅದಕ್ಕೂ ಹತ್ತಾರು ಜನ ಸೇರಬೇಕೋ?

ಅಕ್ಕ


ಮಾರ್ಚ್ 5

ಅಕ್ಕನಿಗೆ,

ಆಕ್ಷೇಪಣೆ ಬರೆಯುವ ಕ್ರಮ ಇದು. ಮೊದಲು ಪುಟದ ಸಂಖ್ಯೆ, ಸಾಲಿನ ಸಂಖ್ಯೆ. ಆಮೇಲೆ ಅವರು ಬರೆದ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ ಎತ್ತಿ ಬರೆ. ಆಮೇಲೆ ಅದು ಯಾಕೆ ತಪ್ಪು, ನಿನ್ನ ಹತ್ತಿರ ಇರುವ ಪುರಾವೆ ಏನು. ಒಂದು ತಪ್ಪಿಗೆ ಒಂದು ಹಾಳೆ. ಬೈಯಬೇಡ. ಬೈದರೆ "ಭಾವನಾತ್ಮಕ" ಎಂದು ಬರೆದು ಬದಿಗಿಡುತ್ತಾರೆ. ನಿನಗೆ ಖಚಿತವಿಲ್ಲದ ಯಾವ ಸಂಖ್ಯೆಯನ್ನೂ ಹಾಕಬೇಡ. ಇದನ್ನು ಎರಡು ಸಲ ಓದು.

ಹಿಂದಿನ ಅನುಬಂಧಗಳನ್ನು ಓದುವ ಶ್ರಮ ಬೇಡ. ಅಲ್ಲಿರುವುದು ಬರೀ ಕೋಷ್ಟಕಗಳು.

ನಾನು ಇದನ್ನು ಬರೆದೆ ಎಂದು ಯಾರಿಗೂ ಹೇಳಬೇಡ. ಭುಜಕ್ಕೆ ಬಿಸಿನೀರಿನ ಶಾಖ ಕೊಡು.

ತಮ್ಮ


ಮಾರ್ಚ್ 14

ಗುಬ್ಬಿಗೆ,

ಸಿಕ್ಕಿತು! ಪುಟ ನೂರ ಹನ್ನೆರಡು, ಒಂಬತ್ತನೇ ಸಾಲು. ನೀನು ಹೇಳಿದ ಹಾಗೆ ಇದ್ದದ್ದು ಇದ್ದ ಹಾಗೆ ಎತ್ತಿ ಬರೆಯುತ್ತೇನೆ:

"ಸದರಿ ಜಾಗವು ಮರಳು ಕವಿದ, ಉಪಯೋಗವಿಲ್ಲದ ತಗ್ಗು. ನೀರಿನ ನೆಲೆ ಇಲ್ಲ. ಯಾವುದೇ ಕಸುಬು ಇದನ್ನು ಅವಲಂಬಿಸಿಲ್ಲ. ಅವಲಂಬಿತರ ಸಂಖ್ಯೆ: ಸೊನ್ನೆ."

ಓದಿ ಮೈಯೆಲ್ಲ ಮಡಕೆ ಸುಡುವ ಆವಿಗೆಯ ಹಾಗೆ ಉರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗಾದೆ. ಇದನ್ನು ಬರೆದವನಿಗೆ ದೊಣ್ಣೆಯೂ ಬೇಕಾಗಲಿಲ್ಲ, ಪೆನ್ನಿನಲ್ಲೇ ಒಡೆದ. ಅವನಮ್ಮ ಅವನಿಗೆ ಒಂದು ದಿನವಾದರೂ ಮಡಕೆಯ ನೀರು ಕುಡಿಸಿಲ್ಲವೇ? ಎಂಥ ತಾಯಿ ಅವಳು, ಎಂಥ ಮಗನನ್ನು ಸಾಕಿದಳು!

ಪಕ್ಕದಲ್ಲಿ ಒಂದು ಫೋಟೊ ಇದೆ. ಹೋದ ವರ್ಷ ಫೆಬ್ರವರಿಯದು. ಅಲ್ಲೇ ಅವರು ಎಡವಿದ್ದು. ನಾವು ಜನವರಿಯಲ್ಲಿ ಇಡೀ ವರ್ಷಕ್ಕೆ ಬೇಕಾದ ಮಣ್ಣು ತೆಗೆದು, ತಗ್ಗಿನ ಮೇಲೆ ಒಂದು ಗೇಣು ಮರಳು ಹರಡಿ, ಹಲಗೆ ಎಳೆದು ಸಮ ಮಾಡುತ್ತೇವಲ್ಲ. ನಿನಗೆ ಇದು ಗೊತ್ತಿಲ್ಲವೇನೋ. ನೀನು ಹಾಸ್ಟೆಲಿಗೆ ಹೋದ ಮೇಲೆ ಶುರುವಾದದ್ದು. ಅಗೆದು ಬಿಟ್ಟ ಜೇಡಿಯಲ್ಲಿ ಒಂದು ಕರು ಹೂತುಕೊಂಡು ಸತ್ತಿತು. ಅವತ್ತಿನಿಂದ ಮುಚ್ಚದೆ ಯಾರೂ ಮನೆಗೆ ಬರುವ ಹಾಗಿಲ್ಲ ಎಂದು ಬೀದಿಯವರೇ ಮಾಡಿಕೊಂಡ ಕಟ್ಟುಪಾಡು. ನಮ್ಮ ಅಚ್ಚುಕಟ್ಟೇ ನಮಗೆ ಮುಳುವಾಯಿತು ನೋಡು. ಗಲೀಜಾಗಿ ಬಿಟ್ಟಿದ್ದರೆ "ಇಲ್ಲಿ ಯಾರೋ ಕೆಲಸ ಮಾಡುತ್ತಾರೆ" ಎಂದು ಬರೆಯುತ್ತಿದ್ದರೋ ಏನೋ.

ಮಳೆ ಹಿಡಿದರೆ ಅದೇ ಮರಳಿನ ಮೇಲೆ ನಾಲ್ಕು ತಿಂಗಳು ನೀರು ನಿಲ್ಲುತ್ತದೆ. ಕೊಕ್ಕರೆ ಬರುತ್ತವೆ. ಸುತ್ತಲಿನ ಬಾವಿಗಳಿಗೆ ಅಲ್ಲಿಂದಲೇ ಒರತೆ. ಮಳೆಗಾಲದಲ್ಲಿ ಯಾರೂ ಬಂದು ನೋಡಿಲ್ಲ. ಸೂತ್ರದ ಗೊಂಬೆಯೂ ಒಂದು ಸಲ ತಲೆ ತಿರುಗಿಸುತ್ತದೆ, ಇವನು ಅಷ್ಟೂ ಮಾಡಿಲ್ಲ.

ನನಗೆ ಆ ಮಹಾಶಯನ ಹೆಸರು ಬೇಕು. ನೀನೇ ವಿಚಾರಿಸಿ ತಿಳಿಸು. ನಾಳೆಯಿಂದ ಅನುಬಂಧವನ್ನೂ ಓದುತ್ತೇನೆ. ನೀನು ಬೇಡ ಎಂದೆ, ಆದರೆ ಗುಮಾಸ್ತೆ ಹೇಳಿದಳು, "ಯಾವ ಅಧ್ಯಾಯ ಯಾರು ಬರೆದ್ರು ಅಂತ ಅಲ್ಲೇ ಇರುತ್ತೆ ಅಮ್ಮ, ಸಹಿ ಸಮೇತ."

ಅಕ್ಕ


ಮಾರ್ಚ್ 17

ಅನುಬಂಧ ಆರು ಓದಿದೆ.


ಮಾರ್ಚ್ 18

ಅಕ್ಕ,

ನಿನ್ನ ಹದಿನಾಲ್ಕನೇ ತಾರೀಕಿನ ಕಾಗದ ಇವತ್ತು ಬಂತು. ಇದು ನಿನ್ನ ಕೈ ಸೇರುವಷ್ಟರಲ್ಲಿ ನೀನು ಹೆಸರು ಓದಿರುತ್ತೀಯ. ಆದರೂ ನನ್ನ ಬಾಯಿಂದಲೇ ಕೇಳು. ನೂರ ಹನ್ನೆರಡನೇ ಪುಟ ಬರೆದವನು ನಾನು. ಅನುಬಂಧದಲ್ಲಿರುವ ಸಹಿ ನನ್ನದು.

ನಾನು ಜಾಗಕ್ಕೆ ಹೋಗಿರಲಿಲ್ಲ. ಇಬ್ಬರು ಹುಡುಗರು ಹೋಗಿ ಫೋಟೊ ತಂದರು. ಫೋಟೊ ಮೇಜಿನ ಮೇಲೆ ಬಿದ್ದ ಕೂಡಲೇ ನನಗೆ ಯಾವ ತಗ್ಗು ಎಂದು ತಿಳಿಯಿತು. "ಇದು ನನ್ನ ಅಕ್ಕನ ಬೀದಿ, ಈ ಅಧ್ಯಾಯ ಬೇರೆಯವರಿಗೆ ಕೊಡಿ" ಎಂದು ಮ್ಯಾನೇಜರ್‌ಗೆ ಹೇಳಬೇಕಿತ್ತು, ಅದು ನಿಯಮ. ಹೇಳಲಿಲ್ಲ. ನನ್ನ ಸಹಿಯಲ್ಲಿ ಹೊರಬರುವ ಮೊದಲ ಅಧ್ಯಾಯ ಅದು. ಅಲ್ಲಿಯವರೆಗೆ ಅಷ್ಟೂ ವರ್ಷ ಬೇರೆಯವರ ಸಹಿಗೆ ಬರೆದಿದ್ದೆ.

ಆದರೆ ಅಕ್ಕ, ತಗ್ಗು ಜೀವಂತವಾಗಿದೆ ಎಂದು ತಿಳಿದೂ ಬರೆದವನಲ್ಲ ನಾನು. ಮೂರು ವರ್ಷದ ಹಿಂದೆ ಊರಿನ ಒಂದು ಮದುವೆಗೆ ಬಂದಾಗ ನಮ್ಮ ಬೀದಿ ಪೂರ್ತಿ ನಡೆದಿದ್ದೆ. ಮನೆ ಮನೆಯ ತಿಗರಿಯ ಮೇಲೆ ಗೋಣಿಚೀಲ ಬಿದ್ದಿತ್ತು. ನೀನು ಮಾತ್ರ ಪ್ರತಿ ಕಾಗದದಲ್ಲೂ ಹದಿನಾಲ್ಕು, ಹದಿನಾಲ್ಕು ಎಂದು ಬರೆಯುತ್ತಿದ್ದೆ. ಕಸುಬು ಹೋದದ್ದನ್ನು ಹೇಳಿಕೊಳ್ಳಲು ನಿನಗೆ ಸಂಕಟ ಎಂದುಕೊಂಡೆ. ಫೋಟೊದಲ್ಲಿ ಮರಳು ಕಂಡಾಗ, ಕೊನೆಗೆ ತಗ್ಗನ್ನೂ ಮುಚ್ಚಿಬಿಟ್ಟರಲ್ಲ ಎಂದುಕೊಂಡೆ. ಕೇಳಿದರೆ ನಿನಗೆ ನೋವಾದೀತು ಎಂದು ಕೇಳಲಿಲ್ಲ. ಸೊನ್ನೆ ಎಂದು ಬರೆದೆ. ಅವತ್ತು ನಿಜವಾಗಿ ದುಃಖವಾಯಿತು. ಈಗ ಅದನ್ನು ಹೇಳಲೂ ನಾಚಿಕೆ.

ನಿನ್ನ ಹದಿನಾಲ್ಕನ್ನು ನಂಬಲಿಲ್ಲ. ಆದ್ದರಿಂದ ನಿನ್ನ ತಗ್ಗನ್ನೂ ನಂಬಲಿಲ್ಲ.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಗುಬ್ಬಿ


ಏಪ್ರಿಲ್ 9

ಪುಟ ನೂರ ಹನ್ನೆರಡರ ಲೇಖಕರಿಗೆ,

ಮೂರು ವಾರ ಬರೆಯಲಿಲ್ಲ. ಮನೆಯಲ್ಲಿ ಹಾಳೆಯೂ ಇತ್ತು, ಪೆನ್ನೂ ಇತ್ತು.

ಮೊದಲ ವಾರ ತಮ್ಮಂದಿರಿಗಾಗಿ ಭಾಷೆಯಲ್ಲಿ ಇರುವ ಬೈಗುಳವನ್ನೆಲ್ಲ ಜೋಡಿಸಿಕೊಂಡೆ. ಎರಡನೇ ವಾರ ಅಮ್ಮನ ಫೋಟೊ ಮುಂದೆ ನಿಂತು ಕ್ಷಮೆ ಕೇಳಿದೆ. ಎಂಥ ತಾಯಿ ಅವಳು ಎಂದು ಬರೆದಿದ್ದೆನಲ್ಲ, ಅದಕ್ಕೆ. ಅಮ್ಮ ಏನೂ ಅನ್ನಲಿಲ್ಲ. ಅವಳಿಗೆ ನಾವಿಬ್ಬರೂ ಹೊಸಬರಲ್ಲ.

ಮೂರನೇ ವಾರ ನಿನ್ನ ಕಾಗದವನ್ನು ಮತ್ತೆ ಓದಿದೆ. ನೀನು ಮಾಡಿದ್ದು ತಪ್ಪು. ಕೂತಲ್ಲಿಂದ ಬರೆದದ್ದು ತಪ್ಪು, ಹೇಳಬೇಕಾದವರಿಗೆ ಹೇಳದೆ ಬರೆದದ್ದು ಇನ್ನೂ ತಪ್ಪು, ಅನುಬಂಧ ಓದಬೇಡ ಎಂದು ನನಗೇ ಟೋಪಿ ಹಾಕಲು ಬಂದದ್ದಕ್ಕೆ ನಿನ್ನ ಕಿವಿ ಹಿಂಡಬೇಕು. ನೋವಾದೀತು ಎಂದು ಕೇಳಲಿಲ್ಲವಂತೆ! ಹಲ್ಲು ಕೀಳುವವನೂ ಕೇಳುತ್ತಾನೆ ಗುಬ್ಬಿ, ಯಾವ ಹಲ್ಲು ಎಂದು.

ಈಗ ನನ್ನ ಬುಟ್ಟಿಯ ಹಾವು. ತಿಗರಿ ಹದಿನಾಲ್ಕಲ್ಲ, ಮೂರು. ನಾನು, ಚಿಕ್ಕಪ್ಪ, ಮೂಲೆಮನೆಯ ಸೊಸೆ. ಉಳಿದವರು ಒಬ್ಬೊಬ್ಬರಾಗಿ ಬಿಟ್ಟರು. ಕೆಲವರು ವಿಮಾನ ನಿಲ್ದಾಣದಲ್ಲೇ ಸಾಮಾನಿನ ಗಾಡಿ ತಳ್ಳುತ್ತಾರೆ. ಒಬ್ಬೊಬ್ಬರು ಬಿಟ್ಟಾಗಲೂ ನಿನಗೆ ಬರೆಯೋಣ ಎಂದುಕೊಂಡೆ. ಬರೆದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ದೂರದಲ್ಲಿರುವವನ ಕಣ್ಣಿನಲ್ಲಾದರೂ ಬೀದಿ ತುಂಬಿರಲಿ ಎಂದು ಹದಿನಾಲ್ಕೇ ಬರೆದೆ.

ಕೆಟ್ಟದ್ದು ಏನೆಂದರೆ, ಆಕ್ಷೇಪಣೆಯಲ್ಲೂ ಅದನ್ನೇ ಬರೆದು ಕೊಟ್ಟಿದ್ದೇನೆ. ಮಾರ್ಚ್ ಮೂವತ್ತರಂದು, ಹನ್ನೊಂದು ಹಾಳೆ, ಎಲ್ಲ ನಿನ್ನ ಕ್ರಮದಲ್ಲಿ. ಹತ್ತು ಹಾಳೆ ಅಪ್ಪಟ ನಿಜ. ಹನ್ನೊಂದನೆಯದರಲ್ಲಿ "ಅವಲಂಬಿತ ತಿಗರಿ: ಹದಿನಾಲ್ಕು." ಖಚಿತವಿಲ್ಲದ ಸಂಖ್ಯೆ ಹಾಕಬೇಡ ಎಂದು ನೀನು ಬರೆದಿದ್ದೆ. ನನಗೆ ಖಚಿತವಾಗೇ ಗೊತ್ತಿತ್ತು, ಸುಳ್ಳು ಎಂದು. ನಿನ್ನ ಸೊನ್ನೆ ನೋಡಿ ಸಿಟ್ಟು ನೆತ್ತಿಗೇರಿತ್ತು. ಸೊನ್ನೆಗೆ ಮೂರು ಸಾಲದು ಅನ್ನಿಸಿತು.

ಸಭೆ ಇಪ್ಪತ್ತೆಂಟಕ್ಕೆ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ.

ಅಕ್ಕ


ಏಪ್ರಿಲ್ 16

ಅಕ್ಕ,

ಇದನ್ನು ಓದಿದ ಕೂಡಲೇ ಮೂಲೆಮನೆಯ ಸೊಸೆಗೂ ಚಿಕ್ಕಪ್ಪನಿಗೂ ಓದಿ ಹೇಳು.

ಮೂರು ಎಂದು ಇಲ್ಲಿ ಗೊತ್ತಾಗಿದೆ. ಹೆದ್ದಾರಿಯವರ ವಕೀಲ ನಿಮ್ಮ ಬೀದಿಗೆ ಮನುಷ್ಯನನ್ನು ಕಳಿಸಿ ಎಣಿಸಿದ್ದಾನೆ, ಹೂಕುಂಡ ಕೊಳ್ಳುವವನ ಹಾಗೆ ಬಂದಿದ್ದನಂತೆ. ಸಭೆಯಲ್ಲಿ ನಿನ್ನನ್ನು ಎಬ್ಬಿಸಿ ನಿಲ್ಲಿಸಿ ಆ ಒಂದು ಹಾಳೆ ಓದಿಸುತ್ತಾರೆ. ಒಂದು ಹಾಳೆ ಸುಳ್ಳಾದರೆ ಉಳಿದ ಹತ್ತನ್ನೂ ಅದರ ಜೊತೆ ಗುಡಿಸಿ ಹಾಕುತ್ತಾರೆ. ಅದೇ ಅವರ ಲೆಕ್ಕ.

ನನ್ನನ್ನು ವೇದಿಕೆಯ ಮೇಲೆ ಕೂರಿಸುತ್ತಿದ್ದಾರೆ. ನೂರ ಹನ್ನೆರಡನೇ ಪುಟದ ಬಗ್ಗೆ ಪ್ರಶ್ನೆ ಬಂದರೆ "ಸ್ಥಳ ಪರಿಶೀಲನೆ ಮಾಡಿ ಖಚಿತಪಡಿಸಿಕೊಂಡಿದ್ದೇವೆ" ಎನ್ನಬೇಕು. ಮ್ಯಾನೇಜರ್ ಎರಡು ಸಲ ಹೇಳಿಸಿ ನೋಡಿದರು. ಎರಡನೇ ಸಲ ಚೆನ್ನಾಗಿ ಬಂತು ಎಂದರು.

ನೀನು ಬರಬೇಡ ಅಕ್ಕ. ಹುಷಾರಿಲ್ಲ ಎಂದು ಬರೆದು ಕಳಿಸು. ನಿನ್ನನ್ನು ಅಷ್ಟು ಜನರ ಮುಂದೆ ಸುಳ್ಳಿ ಎನ್ನುವುದನ್ನು ನಾನು ಕೂತು ನೋಡಲಾರೆ. ಇನ್ನೊಂದು ನಿಜವನ್ನೂ ಹೇಳುತ್ತೇನೆ. ನೀನು ಬರದಿದ್ದರೆ ನನಗೆ ಸುಲಭ.

ಗುಬ್ಬಿ


ಏಪ್ರಿಲ್ 20

ಗುಬ್ಬಿಗೆ,

ಓದಿ ಹೇಳಿದೆ. ಚಿಕ್ಕಪ್ಪ, "ಕುಂಡದ ಚೌಕಾಸಿ ಮಾಡದೆ ಹೋದಾಗಲೇ ಅಂದ್ಕೊಂಡೆ ಕಣೆ, ಅವನು ಗಿರಾಕಿ ಅಲ್ಲ ಅಂತ" ಅಂದ. ಮೂಲೆಮನೆಯ ಸೊಸೆ, "ಮೂರು ಅಂತ ಎಣಿಸಿದ್ನಲ್ಲ, ನನ್ನನ್ನೂ ಸೇರಿಸಿದಾನೆ ಅಂತಾಯ್ತು. ನಮ್ಮತ್ತೆ ಇನ್ನೂ ಸೇರಿಸಿಲ್ಲ" ಅಂದಳು.

ನಿನಗೆ ಸುಲಭ ಮಾಡಲು ನಾನು ಸಾಕಷ್ಟು ಮಾಡಿದ್ದೇನೆ. ನಡೆಯಲು ಕಲಿಸಿದೆ, ಮೂಗು ಒರೆಸಿದೆ, ಹಾಸ್ಟೆಲಿನ ಬಾಗಿಲವರೆಗೆ ಪೆಟ್ಟಿಗೆ ಹೊತ್ತೆ. ಇನ್ನು ಮುಂದೆ ನಿನ್ನ ಕಷ್ಟವನ್ನು ನೀನೇ ಹೊತ್ತುಕೊ.

ಬರುತ್ತೇನೆ. ಮೂವರೂ ಬರುತ್ತೇವೆ. ಮುಂದಿನ ಸಾಲಿನಲ್ಲೇ ಕೂರುತ್ತೇವೆ.

ಅಕ್ಕ


ಮೇ 2

ಗುಬ್ಬಿಗೆ,

ನೀನು ಎದ್ದು ಹೋದ ಮೇಲೆ ಸಭೆಯಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ಯಾರಾದರೂ ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹಚ್ಚಿ ಹೇಳುತ್ತೇನೆ.

ಮೊದಲು ನಿನ್ನ ವಿಷಯ. ಸಭೆ ನಡೆಸುತ್ತಿದ್ದ ಅಧಿಕಾರಿ ಹೆಣ್ಣುಮಗಳು ನೂರ ಹನ್ನೆರಡನೇ ಪುಟ ಎಂದಾಗ ನೀನು ಎದ್ದು ನಿಂತೆ. ಮೈಕು ಹತ್ತಿರ ಎಳೆದುಕೊಂಡೆ. ಕಲಿತ ಪಾಠ ಒಪ್ಪಿಸುತ್ತೀಯ ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ. "ಈ ಪುಟ ನಾನು ಬರೆದಿದ್ದು. ನಾನು ಆ ಜಾಗಕ್ಕೆ ಹೋಗಿಲ್ಲ. ಫೋಟೊ ನೋಡಿ ಬರೆದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ ಅನ್ನೋದನ್ನೂ ಮುಚ್ಚಿಟ್ಟೆ" ಎಂದು ನೀನು ಹೇಳಿದಾಗ ನನ್ನ ಎಡಗಿವಿಗೂ ಕೇಳಿಸಿತು. ನಿಮ್ಮ ಮ್ಯಾನೇಜರ್ ನಿನ್ನ ಅಂಗಿ ಹಿಡಿದು ಎಳೆದದ್ದನ್ನೂ ನೋಡಿದೆ. ನೀನು ಫೈಲು ಮೇಜಿನ ಮೇಲಿಟ್ಟು ಪಕ್ಕದ ಬಾಗಿಲಿಂದ ಹೊರಗೆ ಹೋದೆ. ತಿರುಗಿ ನನ್ನ ಕಡೆ ನೋಡುತ್ತೀಯ ಎಂದುಕೊಂಡೆ. ನೋಡಲಿಲ್ಲ.

ಆಮೇಲೆ ವಕೀಲ ಎದ್ದ. ಕರೀ ಕೋಟು, ಎಣ್ಣೆ ಹಚ್ಚಿದ ದನಿ. ನನ್ನನ್ನು ಎಬ್ಬಿಸಿದ.

"ಅಮ್ಮ, ಈ ಹನ್ನೊಂದು ಹಾಳೆ ನೀವೇ ಬರೆದಿದ್ದಾ?"

"ಅಕ್ಷರ ನೋಡಿದ್ರೆ ಗೊತ್ತಾಗಲ್ವಾ? ಬೇರೆ ಯಾರೂ ಇಷ್ಟು ಕೆಟ್ಟದಾಗಿ ಬರೆಯಲ್ಲ."

"ಹಾಗಾದ್ರೆ ಹೇಳಿ, ನಿಮ್ಮ ಬೀದಿಲಿ ಎಷ್ಟು ತಿಗರಿ ತಿರುಗ್ತಿವೆ?"

"ಮೂರು."

ಅವನು ಹಾಳೆ ಎತ್ತಿ ಹಿಡಿದಿದ್ದ, ಎಲ್ಲರಿಗೂ ತೋರಿಸಲು. ಅವನ ಕೈ ಗಾಳಿಯಲ್ಲೇ ನಿಂತಿತು. "ಇಲ್ಲಿ ಹದಿನಾಲ್ಕು ಅಂತಿದೆ?"

"ಸುಳ್ಳು. ನಾನೇ ಬರೆದ ಸುಳ್ಳು. ನಾಚಿಕೆ ಆಗಿ ಬರೆದೆ. ಹೊಡೆದು ಹಾಕಿ ಮೂರು ಅಂತ ಬರ್ಕೊಳ್ಳಿ, ಬೇಕಾದ್ರೆ ಪಕ್ಕದಲ್ಲಿ ಸಹಿ ಮಾಡ್ತೀನಿ. ನನ್ನ ಸುಳ್ಳು ನಾನು ಹೊಡೆದೆ. ಈಗ ನಿಮ್ಮ ಪುಟದ ಸೊನ್ನೇನೂ ಹೊಡೀರಿ."

ಹಿಂದಿನ ಸಾಲಿನಲ್ಲಿ ಯಾರೋ ಕೈ ತಟ್ಟಿದರು. ತಿರುಗಿ ನೋಡಿದರೆ ಹಗ್ಗದ ವರದಿಯ ಗುಮಾಸ್ತೆ. ತಟ್ಟಿದ್ದು ತಾನಲ್ಲ ಎನ್ನುವ ಹಾಗೆ ಕನ್ನಡಕ ಒರೆಸುತ್ತಿದ್ದಳು.

ವಕೀಲ ಬಿಡುವವನಲ್ಲ. "ಆಯ್ತಮ್ಮ. ಆದ್ರೆ ಮೂರೇ ಮೂರು ಜನಕ್ಕೋಸ್ಕರ, ಸಾವಿರಾರು ಜನ ಓಡಾಡೋ ರಸ್ತೆ ನಿಲ್ಲಬೇಕಾ?"

"ನಿಲ್ಲಿಸಿ ಅಂದೋರು ಯಾರು ಸ್ವಾಮಿ? ಬಗ್ಗಿಸಿ ಅಂದೆ. ಲೂಪ್ ಅಂತ ನೀವೇ ಹೆಸರಿಟ್ಟಿದ್ದೀರಿ. ಹುಟ್ಟಾ ಬಗ್ಗಿರೋ ರಸ್ತೆಗೆ ಇನ್ನೊಂದು ಚೂರು ಬಗ್ಗೋಕೆ ಏನು ಸೊಂಟ ನೋವಾ?"

ಸಭೆಗೆ ಸಭೆಯೇ ನಕ್ಕಿತು. ಅಧಿಕಾರಿ ನಗಲಿಲ್ಲ, ಬರೆದುಕೊಂಡಳು. ಆಮೇಲೆ ನನ್ನ ಹತ್ತು ಹಾಳೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಿದಳು. ಮರಳು ಯಾಕೆ ಹರಡುತ್ತೇವೆ ಎಂಬುದನ್ನು ಎರಡು ಸಲ ಕೇಳಿದಳು. ಚಿಕ್ಕಪ್ಪ ಕರುವಿನ ಕಥೆ ಹೇಳಲು ಹೋಗಿ ತನ್ನ ಮದುವೆಯ ಕಥೆಗೆ ಹೊರಳಿದ. ಮೂಲೆಮನೆಯ ಸೊಸೆ ಅವನನ್ನು ಹಿಡಿದು ಕೂರಿಸಿದಳು.

ಏನಾಗುತ್ತದೋ ಗೊತ್ತಿಲ್ಲ. ಹೊರಗೆ ಬಂದು ನಿನ್ನನ್ನು ಮೆಟ್ಟಿಲ ಹತ್ತಿರ ಹುಡುಕಿದೆ. ಚಹಾದಂಗಡಿಯಲ್ಲಿ ಹುಡುಕಿದೆ. ಬಸ್ಸು ಹತ್ತಿದ್ದೆಯಂತೆ. ನಿಜ ಹೇಳಿದ ದಿನವಾದರೂ ನಿಲ್ಲಬಾರದೇನೋ?

ಅಕ್ಕ


ಜೂನ್ 21

ಅಕ್ಕನಿಗೆ,

ಆದೇಶ ಬಂದಿದೆ. ಪ್ರತಿ ನಿನಗೂ ಬರುತ್ತದೆ, ಆದರೆ ಅಂಚೆಯನ್ನು ನಂಬದೆ ನಾನೇ ಬರೆಯುತ್ತಿದ್ದೇನೆ. ಮಣ್ಣು ಮತ್ತು ನೀರಿನ ಅಧ್ಯಾಯ ರದ್ದಾಗಿದೆ. ಮಳೆಗಾಲದಲ್ಲಿ ಒಮ್ಮೆ, ಮಣ್ಣು ತೆಗೆಯುವ ಕಾಲದಲ್ಲಿ ಒಮ್ಮೆ, ಬಳಸುವವರ ಎದುರಿನಲ್ಲೇ ಅಳೆಯಬೇಕು. ಬೇರೆ ಕಂಪನಿಗೆ ಕೊಟ್ಟಿದ್ದಾರೆ. ಅದು ಮುಗಿಯುವವರೆಗೆ ಆ ಲೂಪಿನ ಜಾಗ ಖಾಯಂ ಅಲ್ಲ. ಉಳಿದ ಮೂರು ಲೂಪಿನ ಕೆಲಸ ನಡೆಯುತ್ತದೆ. ಪೂರ್ತಿ ಗೆದ್ದೆ ಎಂದುಕೊಳ್ಳಬೇಡ. ಒಂದು ವರ್ಷ ಸಿಕ್ಕಿದೆ, ಅಷ್ಟೇ.

ನನ್ನ ಸಹಿಯ ಅಧಿಕಾರ ತೆಗೆದಿದ್ದಾರೆ. ಮೂರು ತಿಂಗಳು ಹಳೇ ಕಡತಗಳ ಕೋಣೆಯಲ್ಲಿ ಪಟ್ಟಿ ಮಾಡುವ ಕೆಲಸ. ಕಿಟಕಿ ಇಲ್ಲದ ಕೋಣೆ. ಹದಿನೈದು ವರ್ಷದ ವರದಿಗಳು ಗೋಡೆಯಷ್ಟೆತ್ತರ ಇವೆ. ಬಿಡಿಸಿ ನೋಡುತ್ತೇನೆ. "ಉಪಯೋಗವಿಲ್ಲದ" ಎಂಬ ಮಾತು ಎಷ್ಟು ಕಡೆ ಇದೆ ಎಂದು ಎಣಿಸಲು ಶುರುಮಾಡಿ, ಮಧ್ಯದಲ್ಲೇ ಬಿಟ್ಟೆ.

ಅವತ್ತು ನಿನ್ನ ಕಡೆ ನೋಡಲಿಲ್ಲ, ನಿಜ. ನೋಡಿದ್ದರೆ ಬಾಗಿಲು ದಾಟಲು ಆಗುತ್ತಿರಲಿಲ್ಲ.

ಕ್ಷಮಿಸಿದ್ದೀಯ ಎಂದು ನೀನು ಎಲ್ಲೂ ಬರೆದಿಲ್ಲ. ಕೇಳುವ ಮುಖವೂ ನನಗಿಲ್ಲ. ಎರಡು ದಿನ ರಜೆ ಇದೆ. ಬರಬಹುದೇ?

ಗುಬ್ಬಿ


ಜುಲೈ 1

ಗುಬ್ಬಿಗೆ,

ಕ್ಷಮಿಸಿದ್ದೇನೆ ಎಂದು ನಾನು ಬರೆದಿಲ್ಲ, ಸರಿಯಾಗಿ ಓದಿದ್ದೀಯ. ಬರೆಯುವುದೂ ಇಲ್ಲ. ಸಹಿ ಹಾಕಿ ಮುಗಿಸುವ ಕೆಲಸ ಅಲ್ಲ ಅದು.

ನಿನ್ನ ಕಾಗದ ಓದಿ ಮೂಲೆಮನೆಯ ಸೊಸೆ ಒಂದು ಮಾತು ಹೇಳಿದಳು. "ಅವರ ಕಡೆ ಓದಿದೋರು ಇರ್ತಾರೆ. ಅಷ್ಟು ಆಳ ಇಷ್ಟು ಉದ್ದ ಅಂತ ಏನೇನೋ ಬರ್ಕೊಂಡು ಹೋಗ್ತಾರೆ. ನಮ್ಮ ಕಡೆ ಆ ಬರಹ ಓದೋಕೆ ಯಾರಿದ್ದಾರೆ ಅಕ್ಕಾ?" ನಾನು ಅಂದೆ, "ಒಬ್ಬ ಇದ್ದಾನೆ. ಈಗಷ್ಟೇ ಸಹಿ ಕಳ್ಕೊಂಡು ಕೂತಿದ್ದಾನೆ." ಚಿಕ್ಕಪ್ಪ, "ಅವನು ಸುಳ್ಳು ಬರೆಯೋನಲ್ವಾ?" ಅಂದ. "ಸುಳ್ಳು ಹೇಗೆ ಬರೀತಾರೆ ಅಂತ ಗೊತ್ತಿರೋನೇ ಬೇಕು" ಅಂದೆ.

ಆದ್ದರಿಂದ ನೆಂಟನ ಹಾಗೆ ಬರಬೇಡ. ಕೆಲಸಕ್ಕೆ ಬಾ. ಸಂಬಳ ಇಲ್ಲ, ಊಟ ಇದೆ, ಬೈಗುಳ ಹೊಟ್ಟೆ ತುಂಬ ಇದೆ. ಅವರು ಹಿಡಿದ ಪ್ರತಿ ಅಳತೆಯನ್ನೂ ನೀನು ಪಕ್ಕದಲ್ಲಿ ನಿಂತು ಹಿಡಿ. ಅವರು ಬರೆದ ಪ್ರತಿ ಸಾಲನ್ನೂ ನನಗೆ ಓದಿ ಹೇಳು. ಮತ್ತೆ ಸೊನ್ನೆ ಬರೆದರೆ ಮತ್ತೆ ಹಾಳೆ ಬರೆಯುತ್ತೇನೆ. ಹನ್ನೊಂದಲ್ಲ, ನೂರ ಹನ್ನೊಂದು ಬರೆಯುತ್ತೇನೆ. ಭುಜ ನೋವು ತಿಗರಿ ತಿರುಗಿಸಲು ಅಡ್ಡಿ ಮಾಡಿಲ್ಲ, ಪೆನ್ನಿಗೇನು ಮಾಡೀತು?

ಮಳೆ ಚೆನ್ನಾಗಿ ಹಿಡಿದಿದೆ. ತಗ್ಗಿನಲ್ಲಿ ನೀರು ನಿಂತಿದೆ, ಕೆಳಗೆ ಜೇಡಿ ಬೆಣ್ಣೆಯ ಹಾಗೆ ಮೆತ್ತಗಾಗಿದೆ. ಹೊಸ ಅಳತೆಯವರು ಗುರುವಾರ ಹತ್ತು ಗಂಟೆಗೆ ಬರುತ್ತಾರೆ. ನೀನು ಒಂಬತ್ತಕ್ಕೇ ಬಾ. ಮೊದಲು ನೀನು ಇಳಿ. ಎಷ್ಟು ಆಳ ಎಂದು ಅವರು ನಿನ್ನ ಮೈಗೆ ಹತ್ತಿದ ಜೇಡಿ ನೋಡಿ ಬರೆದುಕೊಳ್ಳಲಿ.

ಅಕ್ಕ